ಹೊರುವವನ ಕಡತ

ಆ ಊರಿನ ಹೆಸರು ಕೇಳಬೇಡಿ. ಹೇಳಿದರೆ ಅದನ್ನೂ ಯಾರಾದರೂ ಬರೆದಿಟ್ಟಾರು, ಆಮೇಲೆ ಅದು ಎಲ್ಲಿದೆ ಅಂತ ಹುಡುಕುವ ಕರ್ಮ ಇನ್ಯಾರದೋ ಆದೀತು. ಊರಲ್ಲಿ ನಲವತ್ತೊಂದು ಮನೆ. ನಿಜವಾದ ಗೋಡೆ, ನಿಜವಾದ ಸೂರು ಇದ್ದದ್ದು ಒಂದಕ್ಕೇ, ನಟ್ಟನಡುವಿನ ಕಲ್ಲುಮನೆಗೆ. ಮಿಕ್ಕ ನಲವತ್ತನ್ನೂ ಕಲ್ಲುಮನೆಯ ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಕೂತವನೊಬ್ಬ ಮನಸ್ಸಿನಲ್ಲಿ ಹೊತ್ತುಕೊಂಡಿದ್ದ. ಅವನಿಗೆ ಹೊರುವವನು ಅಂತಲೇ ಹೆಸರು. ಅವನು ಒಂದು ಮನೆಯನ್ನು ಇದೆ ಅಂದುಕೊಂಡರೆ ಅದಕ್ಕೆ ಬಾಗಿಲು ಬರುತ್ತಿತ್ತು, ಒಲೆ ಬರುತ್ತಿತ್ತು, ಹಿತ್ತಲು ಬರುತ್ತಿತ್ತು, ಗಂಡ ಹೆಂಡಿರ ಜಗಳವೂ ಬರುತ್ತಿತ್ತು. ಗೋಡೆ ಮುಟ್ಟಿದರೆ ಗಟ್ಟಿ, ಒಲೆ ಮುಟ್ಟಿದರೆ ಬಿಸಿ. ಹಾಗಾಗಿ ಇನ್ನೊಬ್ಬನ ಮನಸ್ಸಿನಲ್ಲಿ ಬಾಳುತ್ತಿದ್ದೇವೆ ಅಂತ ಯಾರೂ ಬೇಜಾರು ಮಾಡಿಕೊಂಡಿರಲಿಲ್ಲ.

ಊರಿಗೆ ಇದ್ದದ್ದು ಒಂದೇ ಕಟ್ಟಳೆ. ನಡೆದದ್ದನ್ನೆಲ್ಲ ಬರೆಯಬೇಕು, ಬರೆಯದೆ ಉಳಿದದ್ದು ನಡೆದೇ ಇಲ್ಲ. ಅದಕ್ಕಾಗಿ ಮನೆಗೊಬ್ಬ ಕಡತದವನು. ಅವನು ಮೂಲೆಯಲ್ಲಿ ಮಣೆ ಹಾಕಿಕೊಂಡು, ತೊಡೆಯ ಮೇಲೆ ಕಡತ ಬಿಚ್ಚಿಕೊಂಡು, ಬೆಳಗಿನಿಂದ ಬೈಗಿನವರೆಗೆ ಬರೆಯುತ್ತಿದ್ದ. ಬೆಕ್ಕು ಬಂತು. ಬೆಕ್ಕು ಹೋಯಿತು. ಹಾಲು ಉಕ್ಕಿತು. ಅತ್ತೆ ಬೈದಳು. ಬೆಕ್ಕು ಬಂತು. ಸಾಧಾರಣ ಸಂಗತಿಗೆ ಕಪ್ಪು ಶಾಯಿ, ಎಚ್ಚರಿಕೆಗೆ ಹಳದಿ, ಕೆಟ್ಟದ್ದಕ್ಕೆ ಕೆಂಪು. ಕಡತ ತುಂಬಿದರೆ ಅದನ್ನು ಕಲ್ಲುಮನೆಗೆ ಸಾಗಿಸಿ ಹೊಸದು ಬಿಚ್ಚುವುದು. ಓದುವುದಕ್ಕೆ ಮಾತ್ರ ಒಂದು ನರಪಿಳ್ಳೆಯನ್ನೂ ನೇಮಿಸಿರಲಿಲ್ಲ. ಏನೂ ಕೆಡದೆ ಇರುವಾಗ ಓದುವುದು ಯಾಕೆ, ಕೆಟ್ಟಾಗ ಓದಿಕೊಂಡರಾಯಿತು ಅಂತ ಕಲ್ಲುಮನೆಯ ಯಜಮಾನ ಹೇಳಿದ್ದ. ಆ ಮಾತನ್ನೂ ಬರೆದಿಟ್ಟಿದ್ದರು.

ಆ ಊರಲ್ಲಿ ಒಬ್ಬಳು ಅಕ್ಕ. ಅವಳದು ಒಂಟಿ ಮನೆ, ಒಂಟಿ ಒಲೆ. ಎರಡು ಬೀದಿ ಆಚೆ ಅವಳ ತಂಗಿಯ ಮನೆ. ತಂಗಿ, ತಂಗಿಯ ಗಂಡ, ಒಂದೂವರೆ ವರ್ಷದ ಹೆಣ್ಣುಮಗು. ಅಕ್ಕನ ಜೀವ ಇದ್ದದ್ದು ತನ್ನ ಮನೆಯಲ್ಲಲ್ಲ, ಆ ಮಗುವಿನಲ್ಲಿ. ದಿನಾ ಬೆಳಗ್ಗೆ ಏನಾದರೊಂದು ನೆವ ಮಾಡಿಕೊಂಡು ಹೋಗುವಳು. ಒಂದು ದಿನ ಸೊಪ್ಪು, ಒಂದು ದಿನ ಉಪ್ಪಿನಕಾಯಿ, ಏನೂ ಸಿಗದಿದ್ದರೆ ತಲೆನೋವು.

ಅವತ್ತು ದಂಟಿನ ಸೊಪ್ಪು ಹಿಡಿದು ಹೋದಳು. ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟಳು. ಒಲೆಯ ಹೊಗೆ ಮೇಲೇರದೆ ಅರ್ಧದಲ್ಲೇ ನಿಂತಿತ್ತು. ತಂಗಿ ಹಂಚಿನ ಮುಂದೆ ದೋಸೆ ಹಿಟ್ಟಿನ ಸೌಟು ಎತ್ತಿಕೊಂಡು ನಿಂತಿದ್ದಳು. ಹಿಟ್ಟಿನ ಧಾರೆ ಹಂಚು ಮುಟ್ಟಿರಲಿಲ್ಲ. ಹಿತ್ತಲಲ್ಲಿ ತಂಗಿಯ ಗಂಡ ಬಕೆಟ್ಟು ಬಗ್ಗಿಸಿದ್ದ. ನೀರು ಗಾಳಿಯಲ್ಲೇ ನೇತಾಡುತ್ತಿತ್ತು. ಕಂಬ ಹಿಡಿದುಕೊಂಡು ಮಗು ಒಂದು ಕಾಲು ಎತ್ತಿತ್ತು. ಅಕ್ಕ ಮುಟ್ಟಿ ನೋಡಿದಳು. ಕೆನ್ನೆ ತಣ್ಣಗೂ ಇಲ್ಲ, ಬೆಚ್ಚಗೂ ಇಲ್ಲ.

“ಪುಟ್ಟೀ” ಅಂದಳು. ಮಗು ತಿರುಗಲಿಲ್ಲ. ಕೈಯಲ್ಲಿದ್ದ ಸೊಪ್ಪು ಅಲ್ಲೇ ಬಿಟ್ಟು ಕಲ್ಲುಮನೆಗೆ ಓಡಿದಳು.

ಯಜಮಾನ ಆಗಷ್ಟೇ ಸ್ನಾನ ಮುಗಿಸಿ, ಹಣೆಗೆ ಇಟ್ಟುಕೊಂಡು, ಗುಂಡಗೆ ಕೂತಿದ್ದ. ಅವನಿಗೆ ಸ್ನಾನ ಅಂದರೆ ಪ್ರಾಣ. ಅಕ್ಕ ಹೇಳಿದ್ದನ್ನೆಲ್ಲ ತಲೆದೂಗಿ ಕೇಳಿದ.

“ಮನೆ ನಿಂತಿದೆ, ಅಷ್ಟೇ ತಾನೆ? ಗಾಬರಿ ಬೇಡಮ್ಮ. ಏಳು ದಿನ ನೋಡೋಣ. ಕಾರಣ ಏನು ಅಂತ ಕಡತದಲ್ಲಿ ಸಿಕ್ಕರೆ ರಿಪೇರಿ. ಸಿಗದಿದ್ದರೆ ಏಳನೇ ಬೆಳಗ್ಗೆ ನಾನು ಸ್ನಾನ ಮುಗಿಸಿ ಬಂದು ಅಚ್ಚಿನಿಂದ ಎಬ್ಬಿಸ್ತೀನಿ.”

ಅಚ್ಚು ಅಂದರೆ ಅಂಗೈಯಗಲದ ಮಣ್ಣಿನ ಮನೆ. ನಲವತ್ತು ಮನೆಗೂ ಒಂದೊಂದು ಅಚ್ಚು ಅವನ ಹಿಂದಿನ ಗೂಡುಗಳಲ್ಲಿತ್ತು. ಅಚ್ಚು ಮಾಡಿದ ದಿನ ಮನೆಯಲ್ಲಿ ಯಾರಿದ್ದರೋ ಅವರ ಹೆಸರು ಅದರ ಅಡಿಯಲ್ಲಿ ಕೊರೆದಿರುತ್ತಿತ್ತು. ನಿಂತ ಮನೆಯನ್ನು ಹೊರುವವನ ಮನಸ್ಸಿನಿಂದ ಇಳಿಸಿ, ಅಚ್ಚನ್ನು ತೋರಿಸಿದರೆ, ಅದೇ ಮನೆ ಅಚ್ಚಿನ ದಿನ ಇದ್ದ ಹಾಗೇ ಮತ್ತೆ ಏಳುತ್ತಿತ್ತು.

“ಅಚ್ಚು ಮಾಡಿ ಮೂರು ವರ್ಷ ಆಯ್ತು ಸ್ವಾಮಿ” ಎಂದಳು ಅಕ್ಕ. “ಆವಾಗ ಮಗು ಹುಟ್ಟಿರಲಿಲ್ಲ.”

“ಹುಟ್ಟಿರಲಿಲ್ಲ ಅಂದಮೇಲೆ ಅವರಿಗೆ ಮಗು ಇತ್ತು ಅನ್ನೋದೇ ಗೊತ್ತಿರಲ್ಲ. ದುಃಖವೂ ಇರಲ್ಲ. ನೋಡಿ, ಎಷ್ಟು ಅನುಕೂಲ!”

ಅಕ್ಕನಿಗೆ ಕೊನೆಯ ಬೀದಿಯ ನೇಕಾರ ನೆನಪಾದ. ಅವನ ಮನೆಯನ್ನು ಅಚ್ಚಿನಿಂದ ಎಬ್ಬಿಸಿದಾಗ, ಅಚ್ಚು ಮಾಡಿದ ಮೇಲೆ ಮದುವೆಯಾಗಿ ಬಂದಿದ್ದ ಅವನ ಹೆಂಡತಿ ಎದ್ದಿರಲಿಲ್ಲ. ಅವನು ಈಗಲೂ ಹಾಡಿಕೊಂಡು ನೇಯುತ್ತಾನೆ, ಯಾರಾದರೂ ಹೆಣ್ಣು ಕೊಡುವವರಿದ್ದರೆ ಹೇಳಿ ಅಂತ ನಗುತ್ತ ಕೇಳುತ್ತಾನೆ. ಊರಿನ ಹೆಂಗಸರು ಮುಖ ತಿರುಗಿಸಿಕೊಂಡು ಮುಂದೆ ಹೋಗುತ್ತಾರೆ.

“ನಾನು ಕಾರಣ ಹುಡುಕ್ತೀನಿ” ಎಂದಳು ಅಕ್ಕ.

“ಹುಡುಕಿ, ಧಾರಾಳವಾಗಿ ಹುಡುಕಿ. ಎಲ್ಲಾ ಬರೆದೇ ಇಟ್ಟಿದ್ದೀವಲ್ಲ” ಎಂದ ಯಜಮಾನ.

ಮೊದಲನೆಯ ದಿನ ತಂಗಿಯ ಮನೆಗೇ ಹೋಗಿ, ಮೂಲೆಯಲ್ಲಿ ಲೇಖನಿ ಎತ್ತಿಕೊಂಡು ನಿಂತುಹೋಗಿದ್ದ ಕಡತದವನ ತೊಡೆಯಿಂದ ಕಡತ ಎತ್ತಿಕೊಂಡಳು. ಕೊನೆಯ ಸಾಲು ಕಪ್ಪು ಶಾಯಿಯಲ್ಲಿ ಮುದ್ದಾಗಿತ್ತು: ಹಂಚು ಕಾದಿದೆ, ಎಲ್ಲ ಕ್ಷೇಮ. ಅಕ್ಕ ಆ ಪುಟವನ್ನು ತಿರುಗಿಸಿ ನೋಡಿದಳು, ಬೆಳಕಿಗೆ ಹಿಡಿದು ನೋಡಿದಳು. ಕ್ಷೇಮದ ಆಚೆ ಏನೂ ಇರಲಿಲ್ಲ. ಪಾಪ, ಅವನಿಗಾದರೂ ಹೇಗೆ ಗೊತ್ತಾಗಬೇಕು? ಮನೆಯೊಳಗೆ ಕೂತವನಿಗೆ ಮನೆಯೇ ನಿಂತದ್ದು ಕಾಣುವುದಿಲ್ಲ. ತುಂಬಿದ ಹಳೆಯ ಕಡತಗಳಲ್ಲಿ ಏನಾದರೂ ಸುಳಿವು ಇದ್ದರೆ ಅವು ಇರುವುದು ಕಲ್ಲುಮನೆಯಲ್ಲಿ.

ಎರಡನೆಯ ದಿನ ಕಲ್ಲುಮನೆಯ ಬಾಗಿಲಿನವನ ಮುಂದೆ ನಿಂತಳು. ಅವನ ತಲೆಯ ಮೇಲೊಂದು ಹಲಗೆ: ಕಡತಗಳು ಎಂದಿನ ಜಾಗದಲ್ಲಿವೆ.

“ಎಂದಿನ ಜಾಗ ಯಾವುದಣ್ಣ?”

“ಯಾವ ಯಜಮಾನರ ಕಾಲದ ಎಂದಿನ ಜಾಗ ಬೇಕಮ್ಮ?” ಎಂದ ಬಾಗಿಲಿನವನು, ತುಂಬಾ ವಿನಯದಿಂದ. “ಮೊದಲಿನವರ ಕಾಲದಲ್ಲಿ ಅಟ್ಟ. ಆಮೇಲಿನವರು ಬಂದು, ಇದೇನು ಹಳೇ ಪದ್ಧತಿ ಅಂತ ಕಣಜದ ಕೋಣೆಗೆ ಇಳಿಸಿದರು. ಈಗಿನವರು ಬಂದು ಅಲ್ಲಿಂದಲೂ ಎತ್ತಿಸಿದರು.”

“ಎಲ್ಲಿಗೆ?”

“ಎಂದಿನ ಜಾಗಕ್ಕೆ.”

ಅಕ್ಕ ಅಟ್ಟ ಹತ್ತಿದಳು. ಅಲ್ಲೊಂದು ಚೀಟಿ: ಕಣಜದ ಕೋಣೆ ನೋಡಿ. ಕಣಜದ ಕೋಣೆಗೆ ಇಳಿದಳು. ಅಲ್ಲೊಂದು ಚೀಟಿ: ಅಟ್ಟ ನೋಡಿ. ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ಹಾಗೆ ಹತ್ತಿ ಇಳಿದದ್ದನ್ನು ಅಟ್ಟದ ಕಡತದವನೂ ಕಣಜದ ಕಡತದವನೂ ಬೇರೆ ಬೇರೆ ಬರೆದುಕೊಂಡರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಬರೆದುಕೊಂಡರು.

ಮೂರನೆಯ ದಿನ ಅವಳಾಗಿಯೇ ಹಿತ್ತಲ ಕಡೆಯ ಹಳೇ ಕೊಟ್ಟಿಗೆಯ ಬಾಗಿಲು ತಳ್ಳಿದಳು. ಅಲ್ಲಿದ್ದವು! ನೆಲದಿಂದ ಜಂತೆಯವರೆಗೆ ಕಡತ, ಕಡತದ ಮೇಲೆ ಕಡತ. ಬಾಗಿಲಿನವನು ಓಡಿ ಬಂದು ಅಡ್ಡ ನಿಂತ.

“ಅವರವರ ಮನೆ ಕಡತ ಮಾತ್ರ ಅವರವರು ಓದಬಹುದು. ರಕ್ತಸಂಬಂಧ ಇದ್ದರೆ ಆ ಮನೆಯದೂ ಸರಿ. ಮಿಕ್ಕದ್ದು ಮುಟ್ಟೋ ಹಾಗಿಲ್ಲ.”

“ನನಗೆ ನನ್ನ ತಂಗಿ ಮನೇದು ಸಾಕಪ್ಪ” ಎಂದಳು ಅಕ್ಕ.

ತಂಗಿಯ ಮನೆಯ ಸಾಲಿನಲ್ಲಿ ಒಂದರಿಂದ ತೊಂಬತ್ತರವರೆಗೆ ನಂಬರು ಹಾಕಿದ ಕಡತಗಳಿದ್ದವು. ಯಾರಿಗಾದರೂ ಏನನ್ನಿಸುತ್ತೆ ಹೇಳಿ? ಕೊನೆಯದು ತೊಂಬತ್ತು ಅಂತ ತಾನೆ? ಅಕ್ಕನೂ ತೊಂಬತ್ತನೆಯದನ್ನೇ ಎಳೆದು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸಾಲು ಸಾಲಾಗಿ ಓದಿದಳು. ಹೊತ್ತು ಇಳಿಯುವಾಗ ಒಂದು ಸಾಲು ಬಂತು: ಮದುವೆ ಚಪ್ಪರ ಬಿಚ್ಚಿದರು. ಅವಳು ತಲೆ ಎತ್ತಿದಳು. ತಂಗಿಯ ಮದುವೆಯಾಗಿ ಐದು ವರ್ಷ!

“ಇದು ಹಳೇದು ಕಣಣ್ಣ!”

“ಹೌದಮ್ಮ. ತೊಂಬತ್ತು ಅಂದರೆ ಎಲ್ಲಕ್ಕಿಂತ ಹಳೇದು. ಹೊಸ ಕಡತ ಬಂದ ತಕ್ಷಣ ನಿನ್ನೇದು ಒಂದಾಗುತ್ತೆ, ಒಂದು ಎರಡಾಗುತ್ತೆ, ಎರಡು ಮೂರಾಗುತ್ತೆ. ಎಲ್ಲದರ ನಂಬರೂ ಅಳಿಸಿ ಹೊಸದು ಹಾಕ್ತೀವಿ, ಪ್ರತಿ ಸಲ. ತೀರಾ ಹೊಸದಕ್ಕೆ ನಂಬರೇ ಇಲ್ಲ” ಎಂದ ಬಾಗಿಲಿನವನು, ಹೆಮ್ಮೆಯಿಂದ. “ಊರಿಗೆ ಊರೇ ಇದೇ ತಪ್ಪು ಮಾಡುತ್ತೆ, ನೀವೊಬ್ಬರೇ ಅಲ್ಲ.”

ಅಕ್ಕನಿಗೆ ಅವನ ಜುಟ್ಟು ಹಿಡಿದು ಜಗ್ಗಬೇಕು ಅನ್ನಿಸಿತು. ಹಲ್ಲು ಕಚ್ಚಿಕೊಂಡಳು. ಒಂದು ಇಡೀ ದಿನ ಹಾಳಾಗಿತ್ತು.

ನಾಲ್ಕನೆಯ ದಿನ ಒಂದನೆಯ ನಂಬರಿನಿಂದ ಹಿಂದಕ್ಕೆ ಓದುತ್ತ ಹೋದಳು. ತಂಗಿಯ ಮನೆಯ ಕಡತದವನು ಹೆದರುಪುಕ್ಕಲ, ಎಲ್ಲಕ್ಕೂ ಹಳದಿ ಶಾಯಿ. ಹಾಲು ಉಕ್ಕಬಹುದು, ಎಚ್ಚರಿಕೆ. ಬೆಕ್ಕು ಬರಬಹುದು, ಎಚ್ಚರಿಕೆ. ಅತ್ತೆ ಬರಬಹುದು, ಎಚ್ಚರಿಕೆ. ಪುಟಕ್ಕೆ ಪುಟವೇ ಅರಿಶಿನ ಮೆತ್ತಿದ ಹಾಗಿತ್ತು, ಅದರಲ್ಲಿ ನಿಜವಾದ ಭಯ ಯಾವುದು ಅಂತ ದೇವರಿಗೂ ಗೊತ್ತಾಗುವಂತಿರಲಿಲ್ಲ. ಓದುತ್ತ ಓದುತ್ತ ಒಂದು ಪುಟ ಸಿಕ್ಕಿತು. ಹೆಣ್ಣುಮಗು ಹುಟ್ಟಿತು. ಹೆಣ್ಣುಮಗು ಅತ್ತಿತು. ಅಕ್ಕ ಅತ್ತಳು. ಬೆಕ್ಕು ಬಂತು.

ಅಕ್ಕ ಆ ಪುಟದ ಮೇಲೆ ಕೈ ಇಟ್ಟಳು. ಅವತ್ತು ತಾನು ಅತ್ತದ್ದನ್ನು ಯಾರೂ ನೋಡಲಿಲ್ಲ ಅಂದುಕೊಂಡಿದ್ದಳು. ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಮುಂದಿನ ಪುಟ ತಿರುಗಿಸಿದಳು.

ಕಾರಣ ಇರಲಿಲ್ಲ. ಪ್ರತಿ ಕಡತದ ರಟ್ಟಿನ ಒಳಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಮಾತ್ರ ಇತ್ತು: ಮನೆಯ ಹೊರಗಿನ ಕಾರಣಗಳಿಗೆ ಹೊರುವವನ ಕಡತ ನೋಡುವುದು.

ಅವತ್ತೇ ಕುಂಬಾರನ ಮನೆ ನಿಂತಿತು. ಐದನೆಯ ದಿನ ಬೆಳಗ್ಗೆ ಇನ್ನೂ ಮೂರು ನಿಂತವು. ಊರಿಗೆ ಊರೇ ಕಲ್ಲುಮನೆಯ ಮುಂದೆ ಸೇರಿತು. ಯಜಮಾನ ಹೊರಗೆ ಬಂದು, ಎರಡೂ ಕೈ ಎತ್ತಿ, ಗಂಭೀರವಾಗಿ ಅಪ್ಪಣೆ ಮಾಡಿದ: “ಇಷ್ಟೆಲ್ಲ ಬರೆದರೂ ಕಾರಣ ಸಿಗುತ್ತಿಲ್ಲ ಅಂದರೆ ಬರೆಯುತ್ತಿರುವುದು ಸಾಲದು ಅಂತ ಅರ್ಥ. ಇವತ್ತಿನಿಂದ ಎಲ್ಲವನ್ನೂ ವಿವರವಾಗಿ ಬರೆಯತಕ್ಕದ್ದು. ಬೆಕ್ಕು ಬಂತು ಅಂದರೆ ಆಗಲಿಲ್ಲ. ಯಾವ ಕಾಲು ಮುಂದಿಟ್ಟು ಬಂತು, ಬಾಲ ಎತ್ತ ಕಡೆ ಇತ್ತು, ಎಲ್ಲಾ ಬೇಕು.” ಜನ ಚಪ್ಪಾಳೆ ತಟ್ಟಿದರು. ಕಡತದವರ ಕೈ ಮೊದಲಿಗಿಂತ ನಾಲ್ಕು ಪಟ್ಟು ಜೋರಾಗಿ ಓಡತೊಡಗಿತು. ಮಧ್ಯಾಹ್ನದ ಹೊತ್ತಿಗೆ ಇನ್ನೂ ಆರು ಮನೆ ನಿಂತವು.

ಅಕ್ಕ ಜನರ ನಡುವೆ ತೂರಿಕೊಂಡು ಕೇಳಿದಳು, “ಹೊರುವವನ ಕಡತ ಎಲ್ಲಿದೆ ಸ್ವಾಮಿ?”

“ಹೊರುವವನಿಗೆ ಕಡತ ಯಾಕಮ್ಮ? ಅವನಿಗೇನಾಗುತ್ತೆ? ಸುಮ್ಮನೆ ಕೂತಿರ್ತಾನೆ” ಎಂದ ಯಜಮಾನ.

ಆರನೆಯ ದಿನ ಅಕ್ಕ ಎಲ್ಲೂ ಹುಡುಕಲಿಲ್ಲ. ಕಾಲು ಎತ್ತಿಡಲು ಆಗುತ್ತಿರಲಿಲ್ಲ. ಪಡಸಾಲೆಗೆ ಹೋಗಿ ಹೊರುವವನ ಎದುರೇ ಕೂತುಬಿಟ್ಟಳು. ಅವನನ್ನು ಇಷ್ಟು ಹತ್ತಿರದಿಂದ ಯಾರೂ ನೋಡಿರಲಿಲ್ಲ. ಕಣ್ಣು ಮುಚ್ಚಿತ್ತು, ಹಣೆಯಲ್ಲಿ ಬೆವರು ಹನಿಗಟ್ಟಿತ್ತು. ತುಟಿ ಅಲುಗುತ್ತಿತ್ತು. ಏನೋ ಹೇಳುತ್ತಿದ್ದ, ದನಿ ಮಾತ್ರ ಇಲ್ಲ.

“ಏನಪ್ಪ, ಏನು ಹೇಳ್ತಿದ್ದೀಯಾ?” ಎಂದು ಬಗ್ಗಿದಳು.

“ನಾನು ಬರೆದುಕೊಂಡಿದ್ದೀನಿ ತಾಯಿ” ಅಂತ ಅವನ ಬೆನ್ನ ಹಿಂದಿನಿಂದ ದನಿ ಬಂತು.

ಗೋಡೆಗೆ ಒರಗಿಕೊಂಡು ಒಬ್ಬ ಮುದಿ ಕಡತದವನು ಕೂತಿದ್ದ. ಬೆರಳೆಲ್ಲ ಕೆಂಪು. ಅವನು ಒರಗಿದ್ದದ್ದು ಗೋಡೆಗಲ್ಲ ಅಂತ ಅಕ್ಕನಿಗೆ ಆಗ ಕಂಡಿತು. ಪಡಸಾಲೆಯ ಹಿಂಗೋಡೆ ಅಂತ ಊರವರೆಲ್ಲ ಅಂದುಕೊಂಡಿದ್ದದ್ದು ಕಡತ, ನೆಲದಿಂದ ಸೂರಿನವರೆಗೆ ಒತ್ತಿ ಜೋಡಿಸಿದ ಕಡತ.

“ಇಲ್ಲೇ ಇದ್ಯಾ! ಯಾಕೆ ಯಾರಿಗೂ ಹೇಳಲಿಲ್ಲ?”

“ಯಾರೂ ಕೇಳಲಿಲ್ಲ” ಎಂದ ಮುದುಕ. “ನಲವತ್ತು ವರ್ಷ ಆಯ್ತು. ಇವನು ಹೇಳ್ತಾನೆ, ನಾನು ಬರೀತೀನಿ. ಓದೋಕೆ ಬಂದವಳು ನೀನೇ ಮೊದಲು.” ಅವನು ತೊಡೆಯ ಮೇಲಿನ ಕಡತವನ್ನು ಎರಡೂ ಕೈಯಿಂದ, ಮಗು ಕೊಡುವ ಹಾಗೆ, ಅವಳ ಕೈಗೆ ಕೊಟ್ಟ.

ಕೆಂಪು ಶಾಯಿ. ಒಂದೇ ಮಾತು. ಜಾಗ ಸಾಲದು, ಎಲ್ಲಿಡಲಿ? ಜಾಗ ಸಾಲದು, ಎಲ್ಲಿಡಲಿ? ಪುಟ ತಿರುಗಿಸಿದಳು. ಜಾಗ ಸಾಲದು, ಎಲ್ಲಿಡಲಿ? ನಿಂತ ಮನೆಗಳ ಹೆಸರು ಅಲ್ಲಲ್ಲಿ ಇದ್ದವು: ಜಾಗ ಸಾಲದು, ಕುಂಬಾರನ ಮನೆ ಕೆಳಗಿಟ್ಟೆ.

“ಏನು ಇಡೋಕೆ ಜಾಗ?”

“ಕಡತ ಇಡೋಕೆ. ಊರಲ್ಲಿ ಇರೋದನ್ನೆಲ್ಲ ಹೊರೋನು ಇವನೇ ಅಲ್ವಾ? ಮನೆನೂ ಹೊರ್ತಾನೆ, ಮನೆ ಕಡತನೂ ಹೊರ್ತಾನೆ. ಎರಡಕ್ಕೂ ಒಂದೇ ಮನಸ್ಸು. ಕಡತ ಬೆಳೀತು, ಮನೆಗೆ ಜಾಗ ಇಲ್ಲದಂಗಾಯ್ತು.” ಮುದುಕ ತಗ್ಗಿದ ದನಿಯಲ್ಲಿ ಸೇರಿಸಿದ, “ಜಾಗ ಇಲ್ಲ ಅಂತ ಬರೆದದ್ದೇ ಎಲ್ಲಕ್ಕಿಂತ ಜಾಸ್ತಿ ಜಾಗ ತಿಂತು ಅಂತ ಕಾಣುತ್ತೆ.”

ಅಕ್ಕ ಕಡತ ಎದೆಗವಚಿಕೊಂಡು ಯಜಮಾನನ ಹತ್ತಿರ ಓಡಿದಳು. ಉಸಿರು ಕಟ್ಟಿಕೊಂಡು ಎಲ್ಲ ಹೇಳಿದಳು. ಯಜಮಾನನ ಮುಖ ಅರಳಿತು.

“ಭೇಷ್! ಕಾರಣ ಸಿಕ್ಕಿತಲ್ಲ! ನಾನು ಹೇಳಿರಲಿಲ್ವಾ, ಎಲ್ಲಾ ಬರೆದೇ ಇಟ್ಟಿದ್ದೀವಿ ಅಂತ? ಇದನ್ನ ಮೊದಲು ಬರೀಬೇಕು. ನಲವತ್ತು ಮನೆಗೂ ಒಂದೊಂದು ಪ್ರತಿ ಆಗಲಿ.”

“ಬರೆಯೋದಲ್ಲ ಸ್ವಾಮಿ, ಎಸೀಬೇಕು! ಹಳೇ ಕಡತ ಎಸೆದರೆ ಮನೆ ಎದ್ದು ಓಡಾಡುತ್ತೆ!”

“ಕಡತ ಎಸೆಯೋದೇ?” ಯಜಮಾನ ಎದೆ ಮುಟ್ಟಿಕೊಂಡ. “ಏನಮ್ಮ ನಿಮ್ಮ ಮಾತು? ಎಸೆದುಬಿಟ್ಟು, ನಾಳೆ ಏನಾದರೂ ಕೆಟ್ಟರೆ ಏನನ್ನ ಓದೋದು? ಹೋಗಿ, ಹೋಗಿ. ನಾಳೆ ಏಳನೇ ಬೆಳಗ್ಗೆ. ಸ್ನಾನ ಮುಗಿಸಿದ ತಕ್ಷಣ ನಿಮ್ಮ ತಂಗಿ ಮನೇನೇ ಮೊದಲು ಎಬ್ಬಿಸ್ತೀನಿ.” ಅವನು ಗೂಡಿನಿಂದ ಅಂಗೈಯಗಲದ ಮಣ್ಣಿನ ಮನೆಯನ್ನು ಆಗಲೇ ತೆಗೆದು ಪಕ್ಕದಲ್ಲಿಟ್ಟುಕೊಂಡಿದ್ದ. ಅದರ ಅಡಿಯಲ್ಲಿ ಎರಡೇ ಹೆಸರು.

ಪಡಸಾಲೆಗೆ ಹಿಂತಿರುಗಿದ ಅಕ್ಕ ಮುದುಕನ ಮುಂದೆ ಕುಸಿದಳು. ಬಾಯಿಗೆ ಬಂದ ಹಾಗೆ ಯಜಮಾನನನ್ನು ಬೈದಳು. ಮುದುಕ ಎಲ್ಲವನ್ನೂ ಬರೆದುಕೊಂಡ. ಬರೆದು ಮುಗಿಸಿ, ಲೇಖನಿ ಕಿವಿಗೆ ಸಿಕ್ಕಿಸಿಕೊಂಡ.

“ಬಚ್ಚಲ ಹಂಡೆ ಒಲೆ ಉರಿಸೋಳಿಗೆ ಸೊಂಟ ಹಿಡಿದಿದೆ” ಎಂದ. “ನಾಳೆ ಬೆಳಗ್ಗೆ ನಾನು ಉರಿಸ್ತೀನಿ ಅಂತ ಒಪ್ಪಿಕೋ. ನೀರು ಬಿಸಿ ಇರೋವರೆಗೆ ಅವನು ಬಚ್ಚಲಿಂದ ಹೊರಗೆ ಬರಲ್ಲ.”

ಏಳನೆಯ ಬೆಳಗು. ಬಚ್ಚಲ ಗೋಡೆಯ ಆಚೆ ಯಜಮಾನ, ಈಚೆ ಒಲೆಯ ಮುಂದೆ ಅಕ್ಕ. ಮೊದಲು ತನ್ನ ಮನೆಯ ಕಡತಗಳನ್ನು ಹೊತ್ತು ತಂದಳು. ಓದಲು ಒಯ್ಯುತ್ತಿದ್ದೇನೆ ಅಂತ ಬಾಗಿಲಿನವನಿಗೆ ಹೇಳಿದ್ದಳು, ಅವನು ಓದಲು ಎಂದು ಬರೆದುಕೊಂಡಿದ್ದ. ಒಂಟಿ ಹೆಂಗಸಿನ ಕಡತ, ಎಷ್ಟಿರುತ್ತೆ? ಅಕ್ಕ ಎದ್ದಳು. ಅಕ್ಕ ತಂಗಿಯ ಮನೆಗೆ ಹೋದಳು. ಅಕ್ಕ ಬಂದಳು. ವರ್ಷಗಟ್ಟಲೆ ಅಷ್ಟೇ. ಎಲ್ಲವನ್ನೂ ಒಲೆಗೆ ತುರುಕಿದಳು. ಒಂದೇ ಉರಿಗೆ ಬೂದಿಯಾಯಿತು. ಮುದುಕ ಹಿತ್ತಲ ಬಾಗಿಲಿನಿಂದ ಇಣುಕಿ ತಂಗಿಯ ಮನೆಯ ಮಾಡಿನ ಕಡೆ ನೋಡಿದ.

“ಹೊಗೆ ಒಂಚೂರು ಅಲುಗಿತು. ಮತ್ತೆ ನಿಂತಿತು. ಸಾಲದು ತಾಯಿ.”

ಮಿಕ್ಕದ್ದು ತಂಗಿಯ ಮನೆಯ ತೊಂಬತ್ತು ಕಡತ. ಅಕ್ಕ ಅವನ್ನು ತಂದು ಒಲೆಯ ಮುಂದೆ ಇಳಿಸಿದಳು.

“ಯೋಚನೆ ಮಾಡಿದ್ದೀಯಾ?” ಎಂದ ಮುದುಕ. “ನಿನ್ನ ತಂಗಿ, ಅವಳ ಗಂಡ ಅಚ್ಚಿನ ಅಡೀಲಿದ್ದಾರೆ. ಅವರಿಗೇನೂ ಆಗಲ್ಲ. ಮಗು ಇರೋದು ಈ ಕಡತದಲ್ಲಿ ಮಾತ್ರ. ಇದು ಉರಿದರೆ ಅವಳು ಹುಟ್ಟಿಲ್ಲ ಅಂತಲೇ ಊರಿನ ಕಟ್ಟಳೆ. ನಾಳೆ ಎಣಿಕೆಗೆ ಬರಲ್ಲ, ಹೆಸರು ಕೂಗಲ್ಲ. ಊಟದ ಪಂಕ್ತಿಯಲ್ಲಿ ಎಲೆ ಹಾಕಲ್ಲ.”

“ಆ ಒಂದು ಹಾಳೆ ಹರಿದಿಟ್ಟುಕೊಂಡರೆ?”

“ಹರಿದ ಹಾಳೆಗೆ ಸಾಕ್ಷಿ ಕಡತ ಬೇಕು ಅಂತಾರೆ.”

ಗೋಡೆಯ ಆಚೆಯಿಂದ ಯಜಮಾನನ ದನಿ ಬಂತು: “ಯಾರಮ್ಮ ಒಲೆ ಮುಂದೆ? ನೀರು ತಣ್ಣಗಾಗ್ತಿದೆ! ಎದ್ದು ಬರ್ಲಾ?”

“ಬೇಡಿ ಸ್ವಾಮಿ, ಬಂತು, ಬಂತು!” ಎಂದಳು ಅಕ್ಕ. ಮುದುಕನ ಕಡೆ ತಿರುಗಿದಳು. “ಎಣಿಕೆಗೆ ಬರದೆ ಇದ್ದರೆ ಇರಲಿ ಬಿಡಪ್ಪ. ಎಲೆ ಹಾಕದಿದ್ದರೆ ನನ್ನ ಎಲೇಲಿ ತಿಂತಾಳೆ. ಉಸಿರಾಡ್ತಾಳಲ್ಲ, ನನಗಷ್ಟು ಸಾಕು.”

ತೊಂಬತ್ತನೆಯದನ್ನು ಹಾಕಿದಳು. ಚಪ್ಪರ ಉರಿಯಿತು. ಎಂಬತ್ತು, ಎಪ್ಪತ್ತು, ಅರವತ್ತು. ಉಕ್ಕಿದ ಹಾಲು ಉರಿಯಿತು, ಬೆಕ್ಕು ಉರಿಯಿತು, ಬೆಕ್ಕು ಉರಿಯಿತು. ಗೋಡೆಯ ಆಚೆ ಯಜಮಾನ “ಆಹಾ, ಇವತ್ತಿನ ನೀರು, ಆಹಾಹಾ” ಎಂದು ಚೊಂಬು ಚೊಂಬು ಹೊಯ್ದುಕೊಳ್ಳುತ್ತಿದ್ದ. ಮಗು ಹುಟ್ಟಿದ ಕಡತ ಕೈಗೆ ಬಂದಾಗ ಅಕ್ಕನ ಕೈ ತಡೆಯಿತು.

“ಒಂದು ಸಲ ಗಟ್ಟಿಯಾಗಿ ಓದು” ಎಂದ ಮುದುಕ. “ಬರೆದವನಿಗೆ ಅಷ್ಟಾದರೂ ಸಿಗಲಿ.”

ಅಕ್ಕ ಓದಿದಳು. ಹೆಣ್ಣುಮಗು ಹುಟ್ಟಿತು, ಹೆಣ್ಣುಮಗು ಅತ್ತಿತು, ಅಕ್ಕ ಅತ್ತಳು, ಬೆಕ್ಕು ಬಂತು. ಓದಿ, ಕಣ್ಣಿಗೊತ್ತಿಕೊಂಡು, ಒಲೆಗೆ ಹಾಕಿದಳು. ಅದರ ಹಿಂದೆಯೇ ಉಳಿದವನ್ನೂ, ಮೊದಲ ದಿನ ಎತ್ತಿಕೊಂಡಿದ್ದ ನಂಬರಿಲ್ಲದ್ದನ್ನೂ ಹಾಕಿದಳು.

“ಹೊಗೆ ಏಳ್ತಿದೆ!” ಎಂದು ಮುದುಕ ಕೂಗಿದ. “ನಿನ್ನ ತಂಗಿ ಮನೆ ಹೊಗೆ, ಸೀದಾ ಮೇಲಕ್ಕೆ ಹೋಗ್ತಿದೆ!”

ಅಕ್ಕ ಎದ್ದು ಓಡಬೇಕು ಅನ್ನುವಷ್ಟರಲ್ಲಿ ಅವನು ತಡೆದ. ತೊಡೆಯ ಮೇಲೆ ತನ್ನ ಕಡತ ಬಿಚ್ಚಿಕೊಂಡು, ಕೆಂಪು ಶಾಯಿ ಅದ್ದಿ, ನಿಧಾನವಾಗಿ ಬರೆದ: ಅಕ್ಕ ಸುಟ್ಟಳು. ಬರೆಯದೆ ಇರಲು ಅವನಿಗೆ ಬರುತ್ತಿರಲಿಲ್ಲ. ಬರೆದು, ಶಾಯಿ ಆರುವವರೆಗೆ ಊದಿ, ಆ ಕಡತವನ್ನು ತಾನೇ ಒಲೆಗೆ ಇಟ್ಟ. ಆಮೇಲೆ ಪಡಸಾಲೆಯ ಹಿಂಗೋಡೆಯಿಂದ ಒಂದೊಂದಾಗಿ ತಂದು ತಂದು ಹಾಕಿದ. ನಲವತ್ತು ವರ್ಷದ ಜಾಗ ಸಾಲದು ಧಗಧಗ ಉರಿಯಿತು. ಕುಂಬಾರನ ಮನೆ ಎದ್ದಿತು. ಮಿಕ್ಕ ಮನೆಗಳೂ ಎದ್ದವು. ಪಡಸಾಲೆಯಲ್ಲಿ ಹೊರುವವನು ಮೊದಲ ಸಲ ಬೆನ್ನು ಚಾಚಿದ್ದು ಅಕ್ಕನಿಗೆ ಬಾಗಿಲಿನಿಂದ ಕಂಡಿತು.

ಅವಳು ಮುದುಕನ ಮುಖ ನೋಡಿದಳು. “ಇಷ್ಟೊಂದು ಜಾಗ ನಿನ್ನ ಕಡತದಲ್ಲೇ ಇತ್ತಲ್ಲಯ್ಯ. ಇದನ್ನೇ ಮೊದಲು ಕೊಟ್ಟಿದ್ದರೆ ನನ್ನ ಮಗುವಿನ ಹಾಳೆ ಉಳೀತಿತ್ತಲ್ಲ!”

“ಉಳೀತಿತ್ತು” ಎಂದ ಮುದುಕ, ತಲೆ ತಗ್ಗಿಸಿ. “ನೀನು ಹಾಕೋದು ನೋಡೋವರೆಗೆ ನನಗೆ ಮನಸ್ಸು ಬರಲಿಲ್ಲ ತಾಯಿ.”

ಅಕ್ಕನಿಗೆ ಕೋಪ ನೆತ್ತಿಗೇರಿತು. ಬೈಯಲು ಬಾಯಿ ತೆರೆದಳು. ಮುದುಕನ ಕೆಂಪು ಬೆರಳುಗಳು ಖಾಲಿ ತೊಡೆಯ ಮೇಲೆ ಏನೂ ತೋಚದೆ ಆಡುತ್ತಿದ್ದವು. ಬೈಯದೆ ಹೋದಳು.

ಯಜಮಾನ ಕೆಂಪಗೆ ಬೆಂದ ಮುಖ ಹೊತ್ತು, ಕೈಯಲ್ಲಿ ಅಚ್ಚು ಹಿಡಿದು, ತಂಗಿಯ ಮನೆಗೆ ಬಂದ. ಹಿಂದೆ ಬಾಗಿಲಿನವನು. ಒಳಗೆ ದೋಸೆ ಚುರ್ರೆನ್ನುತ್ತಿತ್ತು. ಹಿತ್ತಲಲ್ಲಿ ನೀರು ಸುರಿಯಿತು. ಯಜಮಾನ ಹುಬ್ಬು ಗಂಟಿಕ್ಕಿದ.

“ಈ ಮನೆ ನಿಂತಿತ್ತು ಅಂತ ಯಾರು ಹೇಳಿದ್ದು?”

“ಕಡತದಲ್ಲಿ ಎಲ್ಲೂ ಇಲ್ಲ ಸ್ವಾಮಿ” ಎಂದ ಬಾಗಿಲಿನವನು. “ಕಡತವೇ ಇಲ್ಲ.”

“ಹಾಗಾದರೆ ನಿಂತಿಲ್ಲ” ಎಂದ ಯಜಮಾನ, ನಿರಾಳವಾಗಿ. “ಹೊಸ ಕಡತ ಬಿಚ್ಚಿ. ಮನೆಯಲ್ಲಿ ಯಾರ್ಯಾರು?” ಅಚ್ಚು ತಿರುಗಿಸಿ ನೋಡಿದ. “ಗಂಡ, ಹೆಂಡತಿ. ಇಬ್ಬರು. ಬರೆದುಕೋ.” ಅವನ ಕಾಲ ಸಂದಿಯಿಂದ ಮಗು ತೂರಿ ಹೋಯಿತು. ಅವನು ನೋಡಲಿಲ್ಲ. ನೋಡಲು ಅವನಿಗೆ ಕಟ್ಟಳೆ ಇರಲಿಲ್ಲ. ಪಂಚೆ ಸರಿಮಾಡಿಕೊಂಡು ಹೊರಟುಹೋದ.

ತಂಗಿ ತಿರುಗಿ ನೋಡಿದಳು. “ಇದೇನೇ ಅಕ್ಕ, ಕೈಯೆಲ್ಲ ಮಸಿ? ಬೆಳಬೆಳಗ್ಗೆ ಎಲ್ಲಿ ಬಿದ್ದೆ? ಇವರೆಲ್ಲ ಯಾಕೆ ಬಂದಿದ್ರು?”

ಅಕ್ಕ ಹೇಳಬೇಕೆಂದು ಬಾಯಿ ತೆರೆದಳು. ಏಳು ದಿನದ ಕಥೆ ಗಂಟಲವರೆಗೆ ಬಂದಿತ್ತು. ಮೂಲೆಯಲ್ಲಿ ಕಡತದವನು ಲೇಖನಿ ಅದ್ದಿಕೊಂಡು, ಇನ್ನೂ ಏನೂ ಬರೆಯದ ಕಡತ ಬಿಚ್ಚಿಕೊಂಡು, ಅವಳ ಬಾಯಿಯನ್ನೇ ನೋಡುತ್ತಿದ್ದ.

“ಏನಿಲ್ಲ ಕಣೇ” ಎಂದಳು. “ದೋಸೆ ಹಾಕು, ಹಸಿವಾಗ್ತಿದೆ.”

ಮಗು ತತ್ತರಿಸುತ್ತ ಬಂದು ಕಡತದವನ ಶಾಯಿ ಕುಡಿಕೆ ಎಳೆದು ಉರುಳಿಸಿತು, ಕೈಯೆಲ್ಲ ಕಪ್ಪು ಮಾಡಿಕೊಂಡು ಗೋಡೆಗೆ ಬಳಿಯಿತು, ಆಮೇಲೆ ಅಕ್ಕನ ಮಡಿಲಿಗೆ ಬಿದ್ದು ಅವಳ ಮೂಗು ಹಿಡಿದುಕೊಂಡಿತು. ಅಕ್ಕ ಅದನ್ನು ಎತ್ತಿ ಎತ್ತಿ ಕುಣಿಸಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಡತದವನು ಕುಡಿಕೆ ಎತ್ತಿಟ್ಟು, ಉಳಿದ ಶಾಯಿಯಲ್ಲಿ ಲೇಖನಿ ಅದ್ದಿ, ಹೊಸ ಕಡತದ ಮೊದಲ ಸಾಲುಗಳನ್ನು ಮುದ್ದಾಗಿ ಬರೆದ: ಅಕ್ಕ ಬಂದಳು. ಏನಿಲ್ಲ ಎಂದಳು. ಶಾಯಿ ಕುಡಿಕೆ ತಾನಾಗಿ ಉರುಳಿತು. ಖಾಲಿ ಕೈಗಳನ್ನು ಮೇಲಕ್ಕೆ ಕೆಳಕ್ಕೆ ಆಡಿಸುತ್ತ ಬಹಳ ಹೊತ್ತು ನಕ್ಕಳು.